ನನ್ನ ನೆನಪಿನ ಪುಸ್ತಕದಲ್ಲಿ ನಿಮ್ಮ ಹೆಸರೂ ಇದೆ

ಕಾಸರಗೋಡಿನ ಕಡೆ ಸಹಸ್ರ ಚಂದ್ರ ದರ್ಶನ ಶಾಂತಿಗೋ ನಿವೃತ್ತಿಯ ಸನ್ಮಾನಕ್ಕೋ ಹೋದರೆ, ಊಟ ಮುಗಿಸಿ ಹೊರಡುವಾಗ ಕೈಗೊಂದು ಪುಸ್ತಕ ಸಿಗುವುದು ಈಗ ಅಪರೂಪವಲ್ಲ. ನೂರೈವತ್ತು ಪುಟ, ಹೊದಿಕೆಯ ಮೇಲೆ ಹಳೆಯ ಮನೆಯ ಚಿತ್ರ, ಒಳಗೆ ಬಾಲ್ಯ, ಶಾಲೆ, ಮೊದಲ ನೌಕರಿ, ಯಕ್ಷಗಾನದ ಹುಚ್ಚು, ಮಕ್ಕಳ ಮದುವೆ. ಬರೆದವರು ಹೆಚ್ಚಾಗಿ ಕನ್ನಡ ಶಾಲೆಯ ಮಾಷ್ಟ್ರು, ಇಲ್ಲವೇ ಬ್ಯಾಂಕಿನಲ್ಲಿದ್ದವರು. ಮಾರುವುದಕ್ಕೆಂದು ಮಾಡಿದ್ದಲ್ಲ, ಮುನ್ನೂರೋ ಐನೂರೋ ಪ್ರತಿ ನೆಂಟರಿಷ್ಟರ ಕೈ ಸೇರಿದರೆ ಮುಗಿಯಿತು. ಇಂಥ ಪುಸ್ತಕಗಳನ್ನು ಕಂಡು ಮೂಗು ಮುರಿಯುವವರಿದ್ದಾರೆ. ನನಗೆ ಅವು ಇಷ್ಟ. ಕರಡು ತಿದ್ದಿಕೊಡುವ ಕೆಲಸ ಆಗಾಗ ನನ್ನ ಪಾಲಿಗೆ ಬರುವುದರಿಂದ, ಅಚ್ಚಾದ ಮೇಲೆ ಏನಾಗುತ್ತದೆ ಎಂಬುದೂ ಕಿವಿಗೆ ಬೀಳುತ್ತದೆ. ಸಾವಿರಾರು ಅಪರಿಚಿತರು ಓದುವ ಪುಸ್ತಕಕ್ಕಿಂತ ಮುನ್ನೂರು ಪರಿಚಿತರು ಓದುವ ಪುಸ್ತಕವೇ ಹೆಚ್ಚು ಅಲ್ಲಾಡಿಸುತ್ತದೆ. ಆ ಮುನ್ನೂರರಲ್ಲಿ ಪ್ರತಿಯೊಬ್ಬರೂ ಮೊದಲು ಹುಡುಕುವುದು ತಮ್ಮ ಹೆಸರನ್ನು.

ಆತ್ಮಕಥೆ ಎಂದರೆ ನನ್ನ ಕಥೆ ಎಂದುಕೊಂಡು ಕೂತವರು ಹತ್ತು ಪುಟ ದಾಟುವಷ್ಟರಲ್ಲಿ ಅಪ್ಪನ ಸಾಲ, ಅಕ್ಕನ ಮುರಿದ ಸಂಬಂಧ, ನೆರೆಯವರ ಬೇಲಿ ಜಗಳ ಎಲ್ಲವನ್ನೂ ಬರೆದಿರುತ್ತಾರೆ. ಅದರ ಪರಿಣಾಮ ಎಲ್ಲರ ಮೇಲೂ ಒಂದೇ ತೆರ ಇರುವುದಿಲ್ಲ. ದೂರದ ಓದುಗನಿಗೆ ಸಿಗುವುದು ಹೆಚ್ಚಾಗಿ ಲಾಭವೇ. ಅದರ ಬೆಲೆ ತೆರುವವರು ಹತ್ತಿರದವರು. ಈ ಲೆಕ್ಕ ಹೇಗೆ ನಡೆಯುತ್ತದೆ ಎಂದು ಬಿಡಿಸಿ ನೋಡಬೇಕು.

ಮೊದಲು ಬರೆಯುವವರ ಕಡೆಯಿಂದ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ, ಸಾಲಾಗಿ 4 ದಿನ, ದಿನಕ್ಕೆ 15 ನಿಮಿಷ ಬರೆಸಿದರು. ಕೆಲವರಿಗೆ ಬದುಕಿನಲ್ಲಿ ಅತ್ಯಂತ ನೋವು ಕೊಟ್ಟ ಸಂಗತಿ, ಉಳಿದವರಿಗೆ ಯಾವುದೋ ಸಾಮಾನ್ಯ ವಿಷಯ. ನೋವಿನ ಸಂಗತಿ ಬರೆದವರಿಗೆ ಆ ಹೊತ್ತಿಗೆ ಮನಸ್ಸು ಇನ್ನಷ್ಟು ಭಾರವಾಯಿತು. ಆದರೆ ನಡೆದದ್ದನ್ನೂ ಅದರ ಬಗ್ಗೆ ತಮಗೆ ಅನ್ನಿಸಿದ್ದನ್ನೂ ಒಟ್ಟಿಗೆ ಬರೆದವರು ಮುಂದಿನ ತಿಂಗಳುಗಳಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಕಡಿಮೆ. ಆಮೇಲೆ ಇದೇ ಜಾಡಿನಲ್ಲಿ ಬಂದ ಅಧ್ಯಯನಗಳು ಲೆಕ್ಕವಿಲ್ಲದಷ್ಟು. ಕೆಲವು ಇದನ್ನು ಒಪ್ಪಿದವು, ಕೆಲವಕ್ಕೆ ಅಂಥ ದೊಡ್ಡ ಫಲ ಕಾಣಲಿಲ್ಲ.

ಈ ಪ್ರಯೋಗವನ್ನು ಎತ್ತಿ ಆಡುವವರು ಸಾಮಾನ್ಯವಾಗಿ ಒಂದು ಅಂಶ ಬಿಟ್ಟುಬಿಡುತ್ತಾರೆ. ಆ ವಿದ್ಯಾರ್ಥಿಗಳು ಬರೆದದ್ದು ಅಚ್ಚಾಗಲಿಲ್ಲ. ಮನೆಯವರ ಕೈಗೂ ಹೋಗಲಿಲ್ಲ. ಅಂದರೆ ಬರೆಯುವುದರ ಫಲ ಬೇರೆ, ಅಚ್ಚು ಹಾಕಿಸುವುದರ ಫಲ ಬೇರೆ. ಎದೆ ಹಗುರಾಗಬೇಕು ಎಂಬುದಷ್ಟೇ ಉದ್ದೇಶವಾದರೆ ಒಂದು ನೋಟ್‌ಬುಕ್ ಸಾಕು, ಪ್ರೆಸ್ಸಿನ ಬಾಗಿಲು ತಟ್ಟಬೇಕಾಗಿಲ್ಲ. ಅಚ್ಚು ಹಾಕಿಸಿದ ಗಳಿಗೆಯಿಂದ ಬೇರೆ ಜನರ ಬದುಕೂ ಅದರಲ್ಲಿ ಸೇರಿಕೊಳ್ಳುತ್ತದೆ.

ಹೆಸರು ಬದಲಿಸಿದರಾಯಿತಲ್ಲ ಎನ್ನುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಕಥೆಗೆ ಅದು ನಡೆದೀತು. ನಮ್ಮಲ್ಲಿ ಮನುಷ್ಯರ ಗುರುತು ಇರುವುದು ಮನೆಯ ಹೆಸರಿನಲ್ಲಿ. ತೋಟದ ಹೆಸರು, ಗುಡ್ಡದ ಹೆಸರು, ತೋಡಿನ ಆಚೆ ಈಚೆ ಎಂಬುದರ ಮೇಲೆ ಇಡೀ ಕುಟುಂಬದ ಜಾತಕ ಹೇಳುವವರು ನಾವು. "ಬದಿಯಡ್ಕದಿಂದ ಒಳಗೆ ಹೋಗುವ ದಾರಿಯಲ್ಲಿ ಬಾವಿ ಪಕ್ಕದ ಮನೆಯ ಒಬ್ಬರು" ಎಂದು ಬರೆದರೆ ಓದಿದವರು ಅರೆಗಳಿಗೆಯಲ್ಲಿ ಯಾರೆಂದು ಹೇಳುತ್ತಾರೆ, ಅವರ ಅಜ್ಜನ ಹೆಸರನ್ನೂ ಸೇರಿಸುತ್ತಾರೆ. ಹೆಸರು ಮರೆಸಿದ ಕಡೆ ಕುತೂಹಲ ಹೆಚ್ಚುವುದರಿಂದ, ಸುಮ್ಮನೆ ಓದಿ ಬಿಡುತ್ತಿದ್ದ ಪುಟವನ್ನು ಎರಡು ಸಲ ಓದುತ್ತಾರೆ.

ನನ್ನ ಕೈಗೆ ಬರುವ ಹಸ್ತಪ್ರತಿಗಳಲ್ಲಿ ಅತ್ಯಂತ ಬಿಸಿ ಇರುವ ಅಧ್ಯಾಯ ಒಂದೇ: ಆಸ್ತಿ ಪಾಲಾದ ಕಥೆ. ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಅಳಿಯಕಟ್ಟಿನ ಮನೆಗಳಲ್ಲಿ ಅದು ಸೋದರಮಾವನ ಸುತ್ತ ಸುತ್ತುತ್ತದೆ, ತಂದೆಯಿಂದ ಮಕ್ಕಳಿಗೆ ಇಳಿಯುವ ಮಕ್ಕಳಕಟ್ಟಿನವರಲ್ಲಿ ದೊಡ್ಡಣ್ಣನ ಸುತ್ತ. ಒಂದು ಮಾದರಿ ವಾಕ್ಯ ನೋಡಿ: "ದೊಡ್ಡಣ್ಣ ದುರಾಸೆಯಿಂದ ನೀರಾವರಿ ಇದ್ದ ಕೆಳಗಿನ ತೋಟವನ್ನು ತಾನಿಟ್ಟುಕೊಂಡು, ಮೋಸದಿಂದ ನನ್ನ ಸಹಿ ಹಾಕಿಸಿಕೊಂಡ." ಇದರಲ್ಲಿ ಬರೆದವರು ಕಂಡದ್ದೆಷ್ಟು, ಊಹಿಸಿದ್ದೆಷ್ಟು? ದುರಾಸೆ ಎಂಬುದು ಅಣ್ಣನ ಮನಸ್ಸಿನೊಳಗಿನ ಮಾತು, ಅದನ್ನು ಕಂಡವರಿಲ್ಲ. ಮೋಸ ಎಂಬುದು ತೀರ್ಪು. ಎರಡನ್ನೂ ತೆಗೆದು, ಆ ದಿನ ನಡೆದದ್ದನ್ನು ಕೇಳುತ್ತಾ ಹೋದರೆ ಸಿಗುವುದು ಇಂಥದ್ದು: "ಪಾಲುಪತ್ರ ಮಲಯಾಳದಲ್ಲಿತ್ತು. ನನಗೆ ಓದಲು ಬರುತ್ತಿರಲಿಲ್ಲ. ಅಣ್ಣ ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದೆ. ಕೆಳಗಿನ ತೋಟ ನನಗಿಲ್ಲ ಎಂದು ಗೊತ್ತಾದದ್ದು ಮಳೆಗಾಲ ಕಳೆದ ಮೇಲೆ." ಅಣ್ಣನ ಮೇಲೆ ಒಂದು ಬೈಗುಳವೂ ಇಲ್ಲ. ಆದರೆ ಗಡಿಯ ಈಚೆ ಉಳಿದ ಕನ್ನಡಿಗನೊಬ್ಬ ತನ್ನ ಜಮೀನಿನ ಕಾಗದವನ್ನೇ ಓದಲಾರದೆ ಹೋದ ಸಂಗತಿ ಹೊರಬಂತು. ದೂರದ ಓದುಗನಿಗೆ ಬೇಕಾದದ್ದು ಅದು. ಅಣ್ಣನ ಮಗನೂ ಹಲ್ಲು ಕಚ್ಚಿಕೊಂಡಾದರೂ ಕೊನೆಯವರೆಗೆ ಓದಿಯಾನು, ಏಕೆಂದರೆ ಅಲ್ಲಿ ಅವನು ಅಲ್ಲಗಳೆಯಬೇಕಾದ ಮಾತಿಲ್ಲ.

ಇಂಥ ಅಧ್ಯಾಯ ಓದಿದ ತಮ್ಮಂದಿರು ಫೋನ್ ಮಾಡಿ ಕೇಳುವ ಪ್ರಶ್ನೆಯೂ ಹೆಚ್ಚುಕಮ್ಮಿ ಒಂದೇ: "ಅಣ್ಣಾ, ನೀವು ಬರೆದದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಈಗ ಯಾಕೆ?" ಉತ್ತರ ಸುಲಭವಲ್ಲ.

ಸುಳ್ಳು ಹೇಳುವ ಉದ್ದೇಶವೇ ಇಲ್ಲದೆ ತಪ್ಪಾಗಿ ಬರೆಯುವುದೂ ಉಂಟು. ನೆನಪು ಪೆಟ್ಟಿಗೆಯೊಳಗಿಂದ ತೆಗೆದು ತೋರಿಸುವ ವಸ್ತುವಲ್ಲ. ತೆಗೆದಾಗಲೆಲ್ಲ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದೆ, ಕಟ್ಟುವಾಗ ಇತ್ತೀಚಿನ ಸಿಟ್ಟು, ಇತರರು ಹೇಳಿದ ಮಾತು, ಫೋಟೋದಲ್ಲಿ ಕಂಡದ್ದು ಎಲ್ಲವೂ ಬೆರೆಯುತ್ತವೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಿಸಿದ ಮರುದಿನ ಬೆಳಿಗ್ಗೆ ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಂದ, ಸುದ್ದಿ ಎಲ್ಲಿ ಕೇಳಿದಿರಿ, ಜತೆಗೆ ಯಾರಿದ್ದರು ಎಂದೆಲ್ಲ ಬರೆಸಿಟ್ಟರು. ಎರಡೂವರೆ ವರ್ಷ ಕಳೆದ ಮೇಲೆ ಅವರಲ್ಲಿ ಹಲವರನ್ನು ಕರೆದು ಅದನ್ನೇ ಕೇಳಿದರು. ಕೆಲವರ ಎರಡನೆಯ ಉತ್ತರಕ್ಕೂ ಮೊದಲನೆಯದಕ್ಕೂ ಸಂಬಂಧವೇ ಇರಲಿಲ್ಲ. ಆದರೂ ಅಷ್ಟೇ ಗಟ್ಟಿ ದನಿಯಲ್ಲಿ ಹೇಳಿದರು. ಅವರದೇ ಕೈಬರಹ ಎದುರಿಗಿಟ್ಟಾಗಲೂ ಮಾತು ಬದಲಿಸದವರಿದ್ದರು. ಎರಡೂವರೆ ವರ್ಷಕ್ಕೇ ಹೀಗಾದರೆ ಅರುವತ್ತು ವರ್ಷದ ಹಿಂದಿನ ಪಾಲಿನ ದಿನದ ನೆನಪಿನ ಗತಿ ಏನು? ಒಂದೇ ಚಾವಡಿಯಲ್ಲಿ ಕೂತಿದ್ದ ಅಣ್ಣತಮ್ಮಂದಿರು ಎರಡು ಬೇರೆ ಮಧ್ಯಾಹ್ನಗಳನ್ನು ನೆನಪಿಟ್ಟುಕೊಂಡಿರುವುದರಲ್ಲಿ ಸೋಜಿಗವೇನಿಲ್ಲ.

ನಿಂತ ಜಾಗ ಬೇರೆಯಾದರಂತೂ ಕೇಳುವುದೇ ಬೇಡ. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ಹೋಯಿತು. ಧಣಿಗಳ ಮನೆಯಲ್ಲಿ ಹುಟ್ಟಿದವರು ಬರೆಯುವ ಪುಸ್ತಕದಲ್ಲಿ ಅದು ಗದ್ದೆ ಹೋದ ವರ್ಷ: ಪಡಸಾಲೆಯ ಕಣಜ ಖಾಲಿಯಾಯಿತು, ಅಪ್ಪ ಮಾತು ಕಡಿಮೆ ಮಾಡಿದರು. ಒಕ್ಕಲಿನ ಮನೆಯ ಮಗ ಬರೆದರೆ ಅದೇ ಗದ್ದೆ ಕೈಗೆ ಬಂದ ವರ್ಷ, ತನ್ನ ಅಮ್ಮ ಮೊದಲ ಸಲ ಬೆಳೆದ ಭತ್ತವನ್ನೆಲ್ಲ ತನ್ನ ಅಂಗಳದಲ್ಲೇ ಒಣಗಿಸಿದ ವರ್ಷ. ಇಬ್ಬರೂ ಸತ್ಯವನ್ನೇ ಬರೆದಿದ್ದಾರೆ. ತೊಂದರೆ ಇರುವುದು, ನಮ್ಮಲ್ಲಿ ಮೊದಲನೆಯ ಬಗೆಯ ಪುಸ್ತಕಗಳು ಬೇಕಾದಷ್ಟು ಬಂದಿವೆ, ಎರಡನೆಯ ಬಗೆಯವು ಬಹಳ ಕಡಿಮೆ ಎಂಬಲ್ಲಿ. ಊರಿನ ನೆನಪು ಎಂದು ಮುಂದಿನವರ ಕೈಗೆ ಹೋಗುವುದು ಬರೆದಿಟ್ಟವರ ನೆನಪು ಮಾತ್ರ.

ಬಿಟ್ಟದ್ದರ ಪರಿಣಾಮವೂ ಬರೆದದ್ದರ ಪರಿಣಾಮದಷ್ಟೇ ದೊಡ್ಡದು. ಈ ಪುಸ್ತಕಗಳಲ್ಲಿ ಹೆಂಡತಿಗೆ ಸಿಗುವುದು ಒಂದು ಪ್ಯಾರಾ, "ಸಹಧರ್ಮಿಣಿಯ ಸಹಕಾರ" ಎಂಬ ಪದಪುಂಜದೊಡನೆ. ಯಕ್ಷಗಾನದ ಭಾಗವತರಿಗೆ ನಾಲ್ಕು ಪುಟ. ಮೂವತ್ತು ವರ್ಷ ಅಡಿಕೆ ಸುಲಿದ, ಮಕ್ಕಳನ್ನು ಎತ್ತಿ ಆಡಿಸಿದ ಹೆಂಗಸು "ನಮ್ಮ ಮನೆಯ ಕೆಲಸದವಳು" ಆಗಿಯೇ ಉಳಿಯುತ್ತಾಳೆ. ಅವಳ ಹೆಸರು ಬರೆದವರಿಗೆ ಗೊತ್ತಿಲ್ಲವೆಂದಲ್ಲ, ಕೇಳಿದ ಕೂಡಲೇ ಹೇಳುತ್ತಾರೆ. ಬರೆಯಬೇಕೆಂದು ತೋಚಿರುವುದಿಲ್ಲ, ಅಷ್ಟೆ. ಅವಳ ಮೊಮ್ಮಗಳು ಇಂದು ಅದೇ ಊರಿನಲ್ಲಿ ಟೀಚರ್ ಆಗಿರಬಹುದು, ಆ ಪುಸ್ತಕ ಅವಳ ಶಾಲೆಯ ಲೈಬ್ರರಿಗೂ ಬರಬಹುದು. ನನ್ನ ಮಟ್ಟಿಗೆ, ಬೈದು ಬರೆದದ್ದಕ್ಕಿಂತ ಹೆಸರಿಲ್ಲದೆ ಬರೆದದ್ದೇ ಹೆಚ್ಚು ಕೆಟ್ಟದ್ದು.

ಹಾಗಾದರೆ ಯಾರಿಗೂ ನೋವಾಗದಂತೆ ಬರೆಯಬೇಕೇ? ಅದು ಎಲ್ಲ ಕಾಲಕ್ಕೂ ಆಗದು. ಕೆಲವರ ಬದುಕಿನಲ್ಲಿ ಇನ್ನೊಬ್ಬರು ಮುಚ್ಚಿಟ್ಟ ಸಂಗತಿಯೇ ಅವರ ಕಥೆ. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ನಮ್ಮ ಹಾಗೇ ಕನ್ನಡದವರು ಗಡಿಯಾಚೆ ಉಳಿದ ತಾಲೂಕು. ಅಲ್ಲಿಯ ಹನ್ನೂರಿನವರಾದ ಮರಾಠಿ ಲೇಖಕ ಶರಣಕುಮಾರ ಲಿಂಬಾಳೆ 1984ರಲ್ಲಿ ಆತ್ಮಕಥನ ಪ್ರಕಟಿಸಿದರು. ತಾಯಿ ದಲಿತೆ, ತಂದೆ ಮೇಲ್ಜಾತಿಯ ಪಾಟೀಲ. ಮಗನನ್ನು ತಂದೆ ತನ್ನವನೆಂದು ಒಪ್ಪಲಿಲ್ಲ. ಇದನ್ನು ಬರೆಯಬೇಕಾದರೆ ತಾಯಿಯ ಬದುಕನ್ನು ತೆರೆದಿಡದೆ ದಾರಿಯಿಲ್ಲ. ತಾಯಿಯ ಮಾನ ಕಾಯಬೇಕೆಂದು ಸುಮ್ಮನಿದ್ದರೆ ಆ ಪಾಟೀಲಿಕೆಯ ಮಾನವೂ ಕಾಯ್ದಂತಾಗುತ್ತಿತ್ತು. ಮನೆಯ ಗುಟ್ಟು ಹೊರಗೆ ಹಾಕಬಾರದು ಎಂಬ ಮಾತಿನಿಂದ ಯಾರಿಗೆ ರಕ್ಷಣೆ ಸಿಗುತ್ತದೆ ಎಂದು ಪ್ರತಿ ಸಲವೂ ಕೇಳಿಕೊಳ್ಳಬೇಕಾಗುತ್ತದೆ. ಹೊಡೆಯುತ್ತಿದ್ದ ಅಪ್ಪನ ಬಗ್ಗೆ ಮಗಳು ಬರೆದರೆ ಅಪ್ಪನ ಕಡೆಯವರಿಗೆ ನೋವಾಗುತ್ತದೆ ನಿಜ. ಆ ನೋವನ್ನೂ, ಪಾಲಿನ ಸಿಟ್ಟಿಗೆ ಅಣ್ಣನನ್ನು ಬೈದದ್ದರ ನೋವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಕಾದಂಬರಿಯ ಮರೆಯಲ್ಲಿ ಹೇಳುವ ದಾರಿ ಇದೆಯಲ್ಲ ಎಂದರೆ, ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಮೊದಲು ಹಿಡಿದದ್ದು ಅದನ್ನೇ. ಚಂದ್ರಗಿರಿ ಹೊಳೆಯ ದಂಡೆಯ ಮುಸ್ಲಿಂ ಹೆಣ್ಣುಮಕ್ಕಳ ಬದುಕು, ತಲಾಖಿನ ಸಂಕಟ ಅವರ ಕಾದಂಬರಿಯಲ್ಲಿ ಬಂದದ್ದು 1980ರ ದಶಕದಲ್ಲಿ. ತಮ್ಮದೇ ಕಥೆಯನ್ನು ನೇರವಾಗಿ ಬರೆದದ್ದು ಬಹಳ ಕಾಲ ಕಳೆದ ಮೇಲೆ. ಕಾದಂಬರಿ ಎಂದ ಮಾತ್ರಕ್ಕೆ ಅವರು ವಿರೋಧದಿಂದ ಪಾರಾಗಲಿಲ್ಲ ಎಂಬುದೂ ಗೊತ್ತಿರುವಂಥದ್ದೇ. ಆದರೆ ಕನ್ನಡ ಓದುವ ಎಷ್ಟೋ ಹೆಣ್ಣುಮಕ್ಕಳಿಗೆ ತಮ್ಮ ಮನೆಯೊಳಗಿನದು ತಮ್ಮೊಬ್ಬರ ಹಣೆಬರಹವಲ್ಲ ಎಂದು ಕಂಡದ್ದು ಅಂಥ ಪುಟಗಳಲ್ಲಿ. ದೂರದ ಓದುಗರಿಗೆ ಆಗುವ ಲಾಭ ಎಂದೆನಲ್ಲ, ಅದು ಹೆಚ್ಚಾಗಿ ಈ ಬಗೆಯದು. ಒಂಟಿ ಎಂದುಕೊಂಡವರಿಗೆ ಜತೆ ಸಿಗುವುದು.

ಮನೆಯೊಳಗಿನ ಓದುಗರಿಗೂ ಲಾಭವಿದೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಮಕ್ಕಳಿಗೆ 20 ಪ್ರಶ್ನೆಗಳ ಪಟ್ಟಿ ಕೊಟ್ಟರು: ಅಜ್ಜ ಅಜ್ಜಿ ಬೆಳೆದದ್ದೆಲ್ಲಿ, ಅಪ್ಪ ಅಮ್ಮ ಭೇಟಿಯಾದದ್ದು ಹೇಗೆ, ಮನೆಗೆ ಬಂದ ಕಷ್ಟಗಳೇನು, ಹೀಗೆ. ಉತ್ತರ ಹೆಚ್ಚು ಗೊತ್ತಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸವೂ ಹೆಚ್ಚು ಕಂಡಿತು. ಪ್ರಶ್ನೆಯ ಉತ್ತರ ಉರು ಹೊಡೆಸಿದರೆ ಮಗು ಗಟ್ಟಿಯಾಗುತ್ತದೆ ಎಂದು ಇದರ ಅರ್ಥವಲ್ಲ. ಕಥೆ ಹೇಳುವಷ್ಟು ಹೊತ್ತು ಮಕ್ಕಳ ಜತೆ ಕೂರುವ ಮನೆ ಅದು ಎಂಬುದೇ ಕಾರಣವಿರಬಹುದು. ಏಳುತ್ತಲೇ ಹೋದೆವು ಎಂಬ ಕಥೆಗಿಂತ ಎದ್ದೆವು, ಬಿದ್ದೆವು, ಮತ್ತೆ ಎದ್ದೆವು ಎಂಬ ಕಥೆ ಮಕ್ಕಳಿಗೆ ಹೆಚ್ಚು ಆಗಿಬರುತ್ತದೆ ಎಂದೂ ಅವರು ಹೇಳುತ್ತಾರೆ. ಅಪ್ಪನ ಸಾಲದ ಅಧ್ಯಾಯವನ್ನು ಪೂರ್ತಿ ಕಿತ್ತು ಹಾಕಬೇಡಿ ಎಂದು ನಾನು ಹೇಳುವುದು ಈ ಧೈರ್ಯದಿಂದಲೇ.

ಆತ್ಮಹತ್ಯೆಯ ಸಂಗತಿ ಬಂದರೆ ಮಾತ್ರ ಹೇಳುವ ರೀತಿಯಲ್ಲಿ ಹೆಚ್ಚಿನ ಜಾಗ್ರತೆ ಬೇಕು. ಆಸ್ಟ್ರಿಯಾದ ಪತ್ರಿಕಾ ವರದಿಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಯಬೇಕೆಂದುಕೊಂಡವರು ಆ ಗಳಿಗೆಯನ್ನು ದಾಟಿ ಬಂದ ಕಥೆಗಳು ಅಚ್ಚಾದ ಮೇಲೆ ಆತ್ಮಹತ್ಯೆಗಳು ತಗ್ಗಿದ್ದು ಕಂಡುಬಂತು. ಸತ್ತ ವಿವರವನ್ನೇ ಮತ್ತೆ ಮತ್ತೆ ಹೇಳುವ ಬರಹಗಳ ಜತೆಗಿದ್ದದ್ದು ಏರಿಕೆ. ಚಿಕ್ಕಪ್ಪ ಹೇಗೆ ಸತ್ತರು ಎಂಬ ವಿವರ ಪುಸ್ತಕಕ್ಕೆ ಬೇಕಿಲ್ಲ. ಚಿಕ್ಕಮ್ಮ ಆಮೇಲೆ ಹೇಗೆ ಬದುಕಿದರು ಎಂಬುದು ಬೇಕು, ಅದೂ ಅವರು ಒಪ್ಪಿದರೆ.

ಒಬ್ಬೊಬ್ಬರ ಕಥೆ ಸೇರಿ ಊರಿನ ಕಥೆಯಾದಾಗ ಏನಾಗುತ್ತದೆ ಎಂಬುದಕ್ಕೆ ಕಾಸರಗೋಡಿನಷ್ಟು ದೊಡ್ಡ ಸಾಕ್ಷಿ ಬೇರೆಲ್ಲಿ ಸಿಗುವುದು? ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಎರಡು ದಶಕಕ್ಕೂ ಮಿಕ್ಕಿ. ಎಣ್ಮಕಜೆ ಪಂಚಾಯತಿನ ವಾಣಿನಗರದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ತಮಗೆ ಕಂಡದ್ದನ್ನು ಬರೆದು ತಿಳಿಸಿದರು, ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ಮುಟ್ಟಿಸಿದರು, ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದು ಮಾತಾಡಿದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಯಿತು, 2017ರ ಜನವರಿಯಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಬಾಯಿಬಿಟ್ಟು ಹೇಳದಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಅದೇ ವೇಳೆಗೆ, ತಲೆ ಊದಿದ, ಕೈಕಾಲು ಸೊಟ್ಟಗಾದ ಮಕ್ಕಳ ಚಿತ್ರಗಳು ಜಗತ್ತೆಲ್ಲ ಸುತ್ತಿದವು. ಆ ಮಕ್ಕಳನ್ನು ಯಾರೂ ಕೇಳಿರಲಿಲ್ಲ. ಆ ಊರುಗಳಿಂದ ಹೆಣ್ಣು ತರಲು, ಆ ಊರುಗಳಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡಿದ ಮಾತನ್ನೂ ಇಲ್ಲಿಯವರು ಹೇಳುತ್ತಾರೆ. ನ್ಯಾಯ ತಂದ ಕಥೆಯೇ ಊರಿಗೊಂದು ಹಣೆಪಟ್ಟಿಯನ್ನೂ ಅಂಟಿಸಿತು.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ ಎಂಬುದಕ್ಕೆ ಮುಖ್ಯ ತೀರ್ಪು ಹೊರಟದ್ದು ಒಂದು ಆತ್ಮಕಥೆಯಿಂದಲೇ, ಅದೂ ಪಕ್ಕದ ತಮಿಳುನಾಡಿನಲ್ಲಿ. ಕೊಲೆ ಕೇಸಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಆಟೋ ಶಂಕರ್ ಜೈಲಿನಲ್ಲಿ ತನ್ನ ಕಥೆ ಬರೆದ ಎಂದೂ, ಅದರಲ್ಲಿ ಅಧಿಕಾರಿಗಳ ಜತೆಗಿನ ನಂಟು ಬಯಲಾಗುತ್ತದೆ ಎಂದೂ ನಕ್ಕೀರನ್ ಪತ್ರಿಕೆ ಸಾರಿತು. ಪ್ರಕಟಿಸಕೂಡದೆಂದು ಜೈಲಿನ ಮೇಲಧಿಕಾರಿ ಪತ್ರ ಬರೆದರು. 1994ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ಸಾರ ಹೀಗಿದೆ: ತನ್ನ, ತನ್ನ ಮನೆಯವರ, ಮದುವೆ, ಮಕ್ಕಳು ಮುಂತಾದ ಖಾಸಗಿ ಸಂಗತಿಗಳನ್ನು ಕಾಪಾಡಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ, ಒಪ್ಪಿಗೆಯಿಲ್ಲದೆ ಅವನ್ನು ಪ್ರಕಟಿಸುವಂತಿಲ್ಲ. ಕೋರ್ಟಿನ ಕಡತ ಮುಂತಾಗಿ ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಬರೆಯಬಹುದು. ಅಧಿಕಾರಿಗಳು ತಮ್ಮ ಹುದ್ದೆಯ ಕೆಲಸದಲ್ಲಿ ಮಾಡಿದ್ದಕ್ಕೆ ಖಾಸಗಿತನದ ನೆಪ ಹೇಳುವಂತಿಲ್ಲ, ಅಚ್ಚಾಗುವ ಮೊದಲೇ ತಡೆಯುವುದಂತೂ ಕೂಡದು. 2017ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಮಾನಹಾನಿಯ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 356ನೆಯದು. ಅದರ ಪ್ರಕಾರ ನಿಜವನ್ನೇ ಬರೆದಿದ್ದರೂ, ಅದು ಸಾರ್ವಜನಿಕರ ಒಳಿತಿಗಾಗಿ ಎಂದು ತೋರಿಸಬೇಕಾಗುತ್ತದೆ. ಸತ್ತವರ ಬಗ್ಗೆ ಏನೂ ಬರೆಯಬಹುದು ಎಂಬ ನಂಬಿಕೆಯೂ ಸರಿಯಲ್ಲ. ಮನೆಯವರ ಮನ ನೋಯಿಸುವ ಉದ್ದೇಶದಿಂದ ಬರೆದರೆ ಅದೂ ಮಾನಹಾನಿಯಾಗಬಹುದು. ಕುಟುಂಬದ ಪುಸ್ತಕಗಳು ಕೋರ್ಟಿನ ತನಕ ಹೋಗುವುದು ಕಡಿಮೆ. ಮದುವೆ ಮನೆಯಲ್ಲಿ ಮುಖ ತಿರುಗಿಸುವಲ್ಲಿಗೆ ನಿಲ್ಲುತ್ತವೆ, ಆದರೆ ಅದು ಒಂದು ತಲೆಮಾರು ನಡೆಯುತ್ತದೆ.

ಪ್ರೆಸ್ಸಿಗೆ ಕೊಡುವ ಮುನ್ನ, ಪುಸ್ತಕದಲ್ಲಿ ಮುಖ್ಯವಾಗಿ ಬರುವವರಿಗೆ ಅವರ ಭಾಗವನ್ನಾದರೂ ತೋರಿಸುವುದು ಒಳ್ಳೆಯದು. ತೋರಿಸುವುದೆಂದರೆ ಒಪ್ಪಿಗೆ ಬೇಡುವುದೆಂದಲ್ಲ. ಊರು, ಇಸವಿ, ಸಂಬಂಧ ತಪ್ಪಾಗಿದ್ದರೆ ತಿದ್ದಿಕೊಳ್ಳಬಹುದು. ಅಭಿಪ್ರಾಯ ಹೊಂದಿಕೆಯಾಗದಿದ್ದರೆ "ತಮ್ಮನಿಗೆ ಇದು ಬೇರೆ ಥರ ನೆನಪಿದೆ" ಎಂದು ಒಂದು ಸಾಲು ಸೇರಿಸಬಹುದು. ಆ ಒಂದು ಸಾಲಿನಿಂದ ಎಷ್ಟೋ ಮನಸ್ತಾಪ ತಪ್ಪಿದೆ. ತಮ್ಮನ್ನು ಹಿಂಸಿಸಿದವರಿಗೆ ತೋರಿಸಬೇಕೆಂದು ಮಾತ್ರ ಯಾರೂ ಒತ್ತಾಯಿಸಬಾರದು. ಚಿಕ್ಕ ಮಕ್ಕಳ ಕಾಯಿಲೆ, ಪರೀಕ್ಷೆಯ ಸೋಲು, ಪ್ರೇಮ ಪ್ರಕರಣಗಳನ್ನು ಅಜ್ಜಂದಿರು ತಮಾಷೆಗೆಂದು ಬರೆಯುವುದನ್ನು ಕಂಡಾಗ ನಾನು ಕೆಂಪು ಪೆನ್ನು ತೆಗೆಯುತ್ತೇನೆ.

ಗಡಿಯವರಿಗೆ ಇನ್ನೊಂದು ತೊಡಕಿದೆ. ಮನೆಮಾತು ತುಳುವೋ ಹವ್ಯಕವೋ ಕೊಂಕಣಿಯೋ ಬ್ಯಾರಿಯೋ ಮಲಯಾಳವೋ, ಪುಸ್ತಕ ಮಾತ್ರ ಕನ್ನಡದಲ್ಲಿ. ಯಾರ ಬಗ್ಗೆ ಬರೆದಿದೆಯೋ ಆ ಅತ್ತಿಗೆಗೆ ಕನ್ನಡ ಓದಲು ಕಷ್ಟ, ಯಾರಿಗಾಗಿ ಬರೆದಿದೆಯೋ ಆ ಮೊಮ್ಮಗ ಓದಿದ್ದು ಮಲಯಾಳ ಇಲ್ಲವೇ ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ಹಾಗಾಗಿ ಅವರಿಗೆ ಪುಸ್ತಕದ ಸುದ್ದಿ ಮುಟ್ಟುವುದು ಓದಿದವರ ಬಾಯಿಂದ, ಉಪ್ಪುಕಾರ ಸೇರಿಯೇ. ಕರಡು ಕೈಯಲ್ಲಿರುವಾಗಲೇ ಅವರ ಪಕ್ಕ ಕೂತು ಮನೆಮಾತಿನಲ್ಲಿ ಓದಿ ಹೇಳುವುದು ಇದಕ್ಕಿರುವ ಉಪಾಯ. ಅದರಿಂದ ಬರೆದವರಿಗೂ ಪ್ರಯೋಜನ. ಗ್ರಾಂಥಿಕ ಕನ್ನಡದ ವಾಕ್ಯದಲ್ಲಿ ಗಂಭೀರವಾಗಿ ಕೂತಿದ್ದ ಕೊಂಕು ತುಳುವಿಗೆ ತಿರುಗಿದ ಕೂಡಲೇ ಬರೀ ಕೊಂಕಾಗಿ ಕೇಳುತ್ತದೆ, ಓದುತ್ತಿದ್ದವರೇ ಅರ್ಧಕ್ಕೆ ನಿಲ್ಲಿಸಿ "ಇದು ಬೇಡ" ಎನ್ನುತ್ತಾರೆ. ಪುಟ ಕಟ್ಟುವ ಮೊದಲೇ ಇದಾದರೆ ಅನುಕೂಲ. ಕಟ್ಟಿದ ಮೇಲೆ ಒಂದು ಪ್ಯಾರಾ ತೆಗೆದರೂ ಪ್ರೆಸ್ಸಿನವರು ಮತ್ತೆ ದುಡ್ಡು ಕೇಳುತ್ತಾರೆ.